ನಮ್ಮ ಭಾವನ ರೈಲು ತಾಲೀಮು

ನಮ್ಮ ಭಾವನಿಗೆ ವಿಮಾನ ಕಂಡರೆ ಮೈಯೆಲ್ಲ ಉರಿಯುತ್ತದೆ ಎಂದರೆ ನೀವು ನಂಬುವುದಿಲ್ಲ. ಯಾಕೆ ನಂಬಬೇಕು? ಅವರು ಹತ್ತಿ ಇಳಿದಷ್ಟು ವಿಮಾನಗಳನ್ನು ಎಷ್ಟೋ ಪೈಲಟ್ಟುಗಳೂ ಹತ್ತಿ ಇಳಿದಿರಲಾರರು! ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ಓದಿದ್ದು ಭೂಗರ್ಭಶಾಸ್ತ್ರ, ಮನೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಕೆಲಸ ಮಾತ್ರ ಅಲ್ಲಿಂದ ವಿಮಾನದಲ್ಲಿ ಹಾರಿ ಹೋಗಬೇಕಾದ ಕೆಂಪು ಮಣ್ಣಿನ ಕಬ್ಬಿಣದ ಗಣಿಯಲ್ಲಿ. ಎರಡು ವಾರ ಗಣಿ, ಒಂದು ವಾರ ಮನೆ. ಈ ಕೆಲಸಕ್ಕೆ ಸೇರುವಾಗ ಅಕ್ಕನಿಗೆ "ಒಂದು ವರ್ಷ ಅಷ್ಟೇ, ಆಮೇಲೆ ಊರಲ್ಲೇ ಏನಾದ್ರೂ ನೋಡ್ಕೋತೀನಿ" ಎಂದಿದ್ದರು. ಆ ಒಂದು ವರ್ಷ, ಮಗಳು ಕಾಲೇಜು ಮುಗಿಸಿ ಅಡಿಲೇಡ್‌ನಲ್ಲಿ ನೌಕರಿ ಹಿಡಿದರೂ ಮುಗಿದಿರಲಿಲ್ಲ.

ಹೀಗಾಗಿ ಭಾವ ತಮ್ಮ ಮನೆಗೆ ತಾವೇ ನೆಂಟರು. ಗಣಿಯಿಂದ ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಕ್ಕರೆ ಡಬ್ಬ ಎಲ್ಲಿದೆ?" ಎಂದು ಸಂಕೋಚದಿಂದ ಕೇಳುತ್ತಾರೆ. ಅದು ಎಲ್ಲಿದೆ ಎಂದು ತಿಳಿಯುವಷ್ಟರಲ್ಲಿ ವಾರ ಮುಗಿದು ಹೊರಡುವ ದಿನ ಬಂದಿರುತ್ತದೆ. ಮುಂದಿನ ಸಲ ಬರುವಷ್ಟರಲ್ಲಿ ಅಕ್ಕ ಡಬ್ಬದ ಜಾಗ ಬದಲಾಯಿಸಿರುತ್ತಾಳೆ!

ನೆಂಟರಾದರೂ ಗಣಿಯ ಅಭ್ಯಾಸ ಬಿಡಬೇಕಲ್ಲ! ಗಣಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಇವತ್ತಿನ ಅಪಾಯಗಳೇನು ಎಂದು ಒಂದು ಸಭೆ ನಡೆಸುತ್ತಾರಂತೆ. ಭಾವ ಅದನ್ನು ಉಪ್ಪಿಟ್ಟಿಗೂ ನಡೆಸುತ್ತಾರೆ. "ನೋಡಮ್ಮ, ಸಾಸಿವೆ ಸಿಡಿಯತ್ತೆ. ಅದು ಒಂದನೇ ಅಪಾಯ. ಬಾಣಲೆ ಹಿಡಿ ನಿನ್ನ ಕಡೆ ತಿರುಗಿದೆ. ಅದು ಎರಡನೇದು. ಈ ಅಪಾಯಗಳಿಗೆ ಯಾರು ಜವಾಬ್ದಾರಿ?" ಅಕ್ಕ ಒಗ್ಗರಣೆಗೆ ಮೆಣಸಿನಕಾಯಿ ಹಾಕುತ್ತಾ, "ಮೂರನೇ ಅಪಾಯ ಅಡುಗೆಮನೇಲಿ ನಿಂತಿದೆ, ಅದನ್ನ ಹೊರಗೆ ಕಳಿಸಿದ್ರೆ ಮಿಕ್ಕಿದ್ದು ನಾನು ನೋಡ್ಕೋತೀನಿ" ಎನ್ನುತ್ತಾಳೆ.

ಇಷ್ಟರಲ್ಲಿ ಕಬ್ಬಿಣದ ಅದಿರಿನ ಬೆಲೆ ದಬಕ್ಕನೆ ಬಿತ್ತು. ಗಣಿಗಳು ಒಂದೊಂದಾಗಿ ಜನರನ್ನು ಮನೆಗೆ ಕಳಿಸತೊಡಗಿದವು. ಭಾವನನ್ನೂ ಕೈತುಂಬ ಪರಿಹಾರ ಕೊಟ್ಟು ಕಳಿಸಿದರು. ಅಕ್ಕ ನನಗೆ ಬ್ರಿಸ್ಬೇನಿಗೆ ಫೋನ್ ಮಾಡಿದಳು. ದನಿಯಲ್ಲಿ ಗಾಬರಿ.

"ಬಂದು ಎಷ್ಟೋ ದಿನ ಆಯ್ತು ಕಣೇ, ಇನ್ನೂ ಹೋಗಿಲ್ಲ!"

"ಅಕ್ಕ, ಅದು ಅವರ ಮನೆ!"

"ಅದು ಗೊತ್ತು ಕಣೇ. ಆದ್ರೆ ಅಭ್ಯಾಸ ಬೇಡ್ವಾ?" ದನಿ ತಗ್ಗಿಸಿ ಹೇಳಿದಳು. "ಇನ್ನೊಂದು ಗಣಿಯವರು ಕರೀತಿದ್ದಾರೆ. ಇನ್ನೂ ದೂರದ್ದು. ಇವರು ಎರಡು ತಿಂಗಳು ಬಿಟ್ಟು ಹೇಳ್ತೀನಿ ಅಂದಿದ್ದಾರೆ."

"ನೀನೇನಂದೆ?"

"ನಾನೇನನ್ನಲಿ? ಇರಿ ಅಂದ್ರೆ ಇದ್ದು ನನ್ನ ತಲೆ ತಿಂತಾರೆ. ಹೋಗಿ ಅಂದ್ರೆ ಹೋಗೇಬಿಡ್ತಾರೆ."

ನನಗೆ ನಗು ಬಂದರೂ ನಗಲಿಲ್ಲ. ಮದುವೆಯಾಗಿ ಮಗಳು ದೊಡ್ಡವಳಾದರೂ ಒಟ್ಟಿಗೆ ಬಾಳಿ ರೂಢಿಯೇ ಇಲ್ಲದ ಗಂಡ ಹೆಂಡಿರು ಇವರು. ಭಾವ ಇರುತ್ತಾರೋ ಹೋಗುತ್ತಾರೋ ಎನ್ನುವುದು ನನ್ನ ತಲೆಯಲ್ಲೂ ಕೊರೆಯತೊಡಗಿತು.

ಭಾವ ಕಂಡುಕೊಂಡ ಪರಿಹಾರ ಕೇಳಿ. ಯುರೋಪ್ ಪ್ರವಾಸ! ಅದೂ ಆರು ವಾರ! ಏಜೆಂಟರಿಲ್ಲ, ಗೈಡ್ ಇಲ್ಲ, ಬಾವುಟ ಹಿಡಿದು ಮುಂದೆ ನಡೆಯುವವರಿಲ್ಲ. ಮೂರು ಹೊತ್ತೂ ಅನ್ನ ಸಾರು ಬಡಿಸುವ ಗುಂಪು ಪ್ರವಾಸದಲ್ಲಿ ಅಕ್ಕ ಮನಸ್ಸಿನಲ್ಲೇ ಸೀಟು ಹಿಡಿದು ಕೂತಿದ್ದಳು. "ಬರೀ ರೈಲು, ಬರೀ ಬಸ್ಸು. ನನ್ನ ಆಯಸ್ಸಿನ ವಿಮಾನದ ಕೋಟಾ ಮುಗೀತು" ಎಂದು ಭಾವ ಘೋಷಿಸಿದರು. ಪರ್ತ್‌ನಿಂದ ಯುರೋಪಿಗೆ ವಿಮಾನ ಹತ್ತಲು ಒಪ್ಪಿದ್ದು, ಸಮುದ್ರದ ಮೇಲೆ ಇನ್ನೂ ಯಾರೂ ಹಳಿ ಹಾಕಿಲ್ಲ ಎಂಬ ಒಂದೇ ಕಾರಣಕ್ಕೆ.

ಗಣಿಯವರು ತಾಲೀಮಿಲ್ಲದೆ ಏನನ್ನಾದರೂ ಮಾಡಿಯಾರೇ? ಅಕ್ಕನನ್ನೂ ಎರಡು ಗಾಲಿಪೆಟ್ಟಿಗೆಗಳನ್ನೂ ಕಟ್ಟಿಕೊಂಡು ಬ್ರಿಸ್ಬೇನಿನ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮ ಮನೆಗೆ ಬಂದಿಳಿದರು. ತಾಲೀಮಿಗೆ ಹತ್ತಿದ ವಿಮಾನ ಕೋಟಾದ ಲೆಕ್ಕಕ್ಕೆ ಬರುವುದಿಲ್ಲವಂತೆ! ನಾಲ್ಕು ತಲೆ ಬೇಕಂತೆ, ಅದಕ್ಕೆ ನನ್ನನ್ನೂ ನಮ್ಮವರನ್ನೂ ಸೇರಿಸಿಕೊಂಡರು. ಯುರೋಪಿನಲ್ಲಿ ರೈಲು ಸ್ಟೇಷನ್ನಿನಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ, ಅಷ್ಟರಲ್ಲಿ ಪೆಟ್ಟಿಗೆ ಸಮೇತ ಇಳಿಯಬೇಕು ಎಂದು ಭಾಷಣವಾಯಿತು. ಬ್ರಿಸ್ಬೇನ್ ಪೇಟೆ ಕಡೆ ಹೋಗುವ ರೈಲು ಹತ್ತಿದೆವು. ಪ್ರತಿ ಸ್ಟೇಷನ್ನಿನಲ್ಲೂ ಇಳಿಯುವುದು, ಬಾಗಿಲು ಮುಚ್ಚುವ ಮೊದಲು ಮತ್ತೆ ಹತ್ತುವುದು. ಆಫೀಸಿಗೆ ಹೊರಟಿದ್ದ ಜನ ಕಿವಿಯಿಂದ ಇಯರ್‌ಫೋನ್ ಕಿತ್ತು ನಮ್ಮನ್ನೇ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ನಮ್ಮ ಕಡೆಯವರೇ. ಗಣೇಶನ ಹಬ್ಬದಲ್ಲಿ ಇವರ ಮುಖ ಹೇಗೆ ನೋಡಲಿ ಎಂದು ನಮ್ಮವರು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡರು.

ಡಾರಾ ಸ್ಟೇಷನ್ ಬಂತು. ಭಾವ ಬಾಗಿಲ ಒಳಗೇ ನಿಂತು, "ಬೇಗ, ಬೇಗ! ಪೆಟ್ಟಿಗೆ ಮೊದಲು! ಆಮೇಲೆ ಜನ!" ಎಂದು ಕೈಬೀಸುತ್ತಿದ್ದರು. ಪೆಟ್ಟಿಗೆ ಇಳಿಯಿತು, ಅಕ್ಕ ಇಳಿದಳು, ನಾವಿಬ್ಬರೂ ಇಳಿದೆವು. ಬಾಗಿಲು ಮುಚ್ಚಿತು. ಭಾವ ಒಳಗೇ! ಗಾಜಿನ ಆಚೆ ಕೈ ಇನ್ನೂ ಬೀಸುತ್ತಲೇ ಇತ್ತು. ರೈಲು ಹೊರಟೇ ಹೋಯಿತು. ಅಕ್ಕ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಚೀಲದಿಂದ ಕೋಡುಬಳೆ ತೆಗೆದು ನಮಗೂ ಕೊಟ್ಟಳು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ನೀವು ಇಳಿಯೋದು ತಡ ಮಾಡಿದ್ರಿ!" ಎಂದರು ಭಾವ.

"ನಾವೆಲ್ಲ ಪಾಸು. ಫೇಲಾಗಿರೋದು ಮೇಷ್ಟ್ರು" ಎಂದಳು ಅಕ್ಕ.

ಬಸ್ಸಿನ ತಾಲೀಮು ಅಡಿಲೇಡ್‌ನಲ್ಲಿ. ಮಗಳ ಮನೆ ಇರುವ ಮಾಡ್ಬರಿಗೆ ಪೇಟೆಯಿಂದ ಒಂದು ವಿಚಿತ್ರ ಬಸ್ಸಿದೆ. ಕಾಂಕ್ರೀಟಿನ ಹಳಿಯ ಮೇಲೆ ಓಡುತ್ತದೆ, ಡ್ರೈವರ್ ಸ್ಟೀರಿಂಗ್ ತಿರುಗಿಸುವುದೇ ಬೇಡ. ಇದನ್ನು ಕಂಡು ಭಾವನಿಗೆ ಸ್ವರ್ಗ ಮೂರೇ ಗೇಣು! "ಬಸ್ಸೂ ಹೌದು, ರೈಲೂ ಹೌದು! ಒಂದೇ ಟಿಕೆಟ್ಟಿಗೆ ಎರಡು ತಾಲೀಮು!" ಎಂದು ದಿನವಿಡೀ ಅದರಲ್ಲೇ ಹೋಗಿ ಬಂದು ಮಾಡಿದರು. ಮಗಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಅಪ್ಪ, ಇಟ್ಸ್ ಜಸ್ಟ್ ಎ ಬಸ್" ಎಂದಳು. ಕೊನೆಗೆ ಡ್ರೈವರನೇ ಎದ್ದು ಬಂದು, ಇಳಿಯಬೇಕಾದ ಜಾಗ ಗೊತ್ತಾಗುತ್ತಿಲ್ಲವೇ ಎಂದು ಅಕ್ಕನನ್ನು ಮರುಕದಿಂದ ವಿಚಾರಿಸಿದನಂತೆ.

ಹೊರಡುವ ದಿನ ಹತ್ತಿರ ಬಂತು. ಕಳಿಸಿಕೊಡಲು, ಹಾಗೆಯೇ ಕುಂಡದಲ್ಲಿದ್ದ ಕರಿಬೇವಿಗೆ ನೀರು ಹಾಕಿಕೊಂಡಿರಲು, ನಾನು ಪರ್ತಿಗೆ ಹೋದೆ. ನೋಡಿದರೆ ಟಿಕೆಟ್ ಇದ್ದದ್ದು ಸಾಕ್ಷಾತ್ ಅಮಾವಾಸ್ಯೆಗೆ! ಮೈಸೂರಿನಿಂದ ಅಮ್ಮ ಫೋನಿನಲ್ಲೇ ದಾರಿ ತೋರಿಸಿದಳು. "ಪ್ರಸ್ಥಾನ ಇಡ್ರೇ." ಅಂದರೆ, ಅದಕ್ಕೆ ಮುಂಚೆ ಬರುವ ಒಳ್ಳೆಯ ದಿನ ನೋಡಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಡುವುದು. ಆಗ ಪ್ರಯಾಣ ಅಂದೇ ಶುರುವಾಯಿತು ಎಂದು ಲೆಕ್ಕ. ಗಂಟು ಮತ್ತೆ ಮನೆಯೊಳಗೆ ಬರಬಾರದು, ಅಲ್ಲಿಂದಲೇ ಎತ್ತಿಕೊಂಡು ಹೊರಡಬೇಕು.

"ನಾನು ವಿಜ್ಞಾನಿ. ಇದನ್ನೆಲ್ಲ ನಂಬಲ್ಲ" ಎಂದರು ಭಾವ. "ಆದ್ರೆ ಮಾಡೋದಾದ್ರೆ ಸರಿಯಾಗಿ ಮಾಡ್ಬೇಕು. ಖಾಲಿ ಚೀಲ ಇಟ್ರೆ ಅದು ಪ್ರಯಾಣ ಹೇಗಾಗತ್ತೆ?" ಹೀಗೆಂದು ಒಂದು ಕೈಚೀಲ ತುಂಬಿ, ಒಳ್ಳೆಯ ಮುಹೂರ್ತದಲ್ಲಿ ರಸ್ತೆ ದಾಟಿ ಎದುರು ಮನೆಯ ಆಸ್ಟ್ರೇಲಿಯನ್ ಅಜ್ಜನ ಕೈಗೆ ಕೊಟ್ಟರು. ಅರ್ಧ ಗಂಟೆ ಶಾಸ್ತ್ರ ವಿವರಿಸಿದರು. ಅಜ್ಜ ಗಡ್ಡ ಕೆರೆದುಕೊಂಡು, "ಅಂದ್ರೆ ನಿಮಗಿಂತ ಮೊದಲು ನಿಮ್ಮ ಬ್ಯಾಗ್ ಹಾಲಿಡೇಗೆ ಹೊರಟಿದೆ ಅನ್ನಿ. ನೋ ವರೀಸ್, ಮೇಟ್!" ಎಂದು ಇಂಗ್ಲಿಷಿನಲ್ಲಿ ಭರವಸೆ ಕೊಟ್ಟ.

ಅಮಾವಾಸ್ಯೆಯ ಮಧ್ಯಾಹ್ನ. ಎದುರು ಮನೆಗೆ ಬೀಗ! ಆಗಲೇ ಭಾವನ ಮುಖ ಬಿಳುಚಿದ್ದು. ಕೈಚೀಲದಲ್ಲಿ ಏನಿತ್ತು ಎಂದು ಅಕ್ಕ ಕೇಳಿದಳು. ಪಾಸ್‌ಪೋರ್ಟ್‌ಗಳು ಇದ್ದವು. ರೈಲಿನ ಪಾಸುಗಳೂ ಇದ್ದವು. ಗಣಿಯಲ್ಲಿ ಸಾಸಿವೆ ಕಾಳಿನಷ್ಟು ಅಪಾಯವನ್ನೂ ಹುಡುಕುವ ಮನುಷ್ಯ ತಮ್ಮ ಇಡೀ ಯುರೋಪನ್ನು ಎದುರು ಮನೆಗೆ ದಾಟಿಸಿದ್ದರು!

ಫೋನ್ ಮಾಡಿದರೆ ಅಜ್ಜ ಊರಾಚೆ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟವೊಂದರಲ್ಲಿ ಮಗಳ ಕುಟುಂಬದ ಜೊತೆ ಊಟಕ್ಕೆ ಕೂತಿದ್ದ. ಪೆಟ್ಟಿಗೆಗಳನ್ನು ತುಂಬಿಕೊಂಡು ಕಾರಿನಲ್ಲಿ ಅಲ್ಲಿಗೆ ಓಡಿದೆವು. ನೋಡಿದರೆ ಕೈಚೀಲ ಊಟದ ಮೇಜಿನ ಬಳಿ ಒಂದು ಕುರ್ಚಿಯಲ್ಲಿ ವಿರಾಜಮಾನವಾಗಿದೆ, ಮುಂದೆ ಒಂದು ಗ್ಲಾಸು ಬೇರೆ! "ಪ್ರಯಾಣ ಶುರುವಾಗಿದೆ ಅಂದ್ರಲ್ಲ," ಎಂದ ಅಜ್ಜ ಅತ್ಯಂತ ಗಂಭೀರವಾಗಿ. "ಅದನ್ನ ಮನೇಲಿ ಕೂರಿಸೋದು ಸರಿ ಅನ್ನಿಸಲಿಲ್ಲ. ಎರಡು ವೈನರಿ ತೋರಿಸಿದೀನಿ." ನಮ್ಮ ಸಂಪ್ರದಾಯವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಅಗ್ರಹಾರದಲ್ಲೂ ಕಂಡಿಲ್ಲ. ಅಲ್ಲಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋದೆವು. ಚೀಲ ಮನೆಗೆ ವಾಪಸು ಬರಲಿಲ್ಲವಾದ್ದರಿಂದ ಶಾಸ್ತ್ರಕ್ಕೂ ಕುಂದು ಬರಲಿಲ್ಲ.

ಯುರೋಪಿನಿಂದ ಸುದ್ದಿಗಳು ಬರತೊಡಗಿದವು. ಜನಜಂಗುಳಿಯಲ್ಲಿ ಅಕ್ಕ ಕಳೆದುಹೋಗಬಾರದೆಂದು ಭಾವ ಅವಳಿಗೆ ಗಣಿಯ ಕಿತ್ತಳೆ ಬಣ್ಣದ, ಹೊಳೆಯುವ ಪಟ್ಟಿಯ ಅಂಗಿ ತೊಡಿಸಿದ್ದರು. ಅದನ್ನು ನೋಡಿ ಮಿಲಾನ್ ಸ್ಟೇಷನ್ನಿನಲ್ಲಿ ಜನ ಅವಳನ್ನು ರೈಲ್ವೆಯವಳೆಂದೇ ತಿಳಿದು ಪ್ಲಾಟ್‌ಫಾರ್ಮ್ ಕೇಳತೊಡಗಿದರಂತೆ! ಮೊದಮೊದಲು ಅಕ್ಕ ಅಳುಮೋರೆ ಮಾಡಿ ಫೋನ್ ಮಾಡಿದಳು. ಕೆಲವು ದಿನ ಕಳೆದ ಮೇಲೆ ಅದೇ ಅಕ್ಕ, "ಸ್ವಲ್ಪ ಇರೇ, ಇಲ್ಲಿ ಒಬ್ರಿಗೆ ವೆನಿಸ್ ರೈಲು ತೋರಿಸಿ ಬರ್ತೀನಿ" ಎಂದು ನನ್ನನ್ನೇ ಕಾಯಿಸಿದಳು. ಭಾವನ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಬಸ್ಸಿನಲ್ಲಿ ಎಲ್ಲರೂ ಹಿಮ ನೋಡಿ ಬಾಯಿ ಬಿಟ್ಟಿದ್ದರೆ ಇವರು ಮಾತ್ರ ಸುರಂಗ ಬಂದಾಗಲೆಲ್ಲ ಕಿಟಕಿಗೆ ಮೂಗು ಒತ್ತಿ, "ಆಹಾ, ಬಂಡೆ ನೋಡೇ!" ಎನ್ನುತ್ತಿದ್ದರಂತೆ. ಆ ಕತ್ತಲಲ್ಲಿ ಅವರಿಗೆ ಏನು ಕಂಡಿತೋ ದೇವರೇ ಬಲ್ಲ.

ಇಷ್ಟೆಲ್ಲ ನಗುವಿನ ನಡುವೆ ಗಣಿಯ ವಿಷಯ ನಾನು ಕೇಳಲಿಲ್ಲ, ಅಕ್ಕನೂ ಎತ್ತಲಿಲ್ಲ.

ವಾಪಸು ಬಂದ ಮೇಲೆ ಎಲ್ಲರೂ ಮಾಡ್ಬರಿಯಲ್ಲಿ ಮಗಳ ಮನೆಯಲ್ಲಿ ಸೇರಿದೆವು. ನಡುಮನೆಯಲ್ಲಿ ಭಾವ ಟಿವಿಗೆ ಫೋಟೋ ಹಾಕಿ ನಮ್ಮವರಿಗೆ ಪಾಠ ಶುರುಮಾಡಿದರು. "ಆರು ವಾರದಲ್ಲಿ ಒಂದೇ ಒಂದು ರೈಲು ತಪ್ಪಿಲ್ಲ, ಒಂದೇ ಒಂದು ಸ್ಟೇಷನ್ ತಪ್ಪಿಲ್ಲ! ಯಾಕೆ? ತಾಲೀಮು!" ನಮ್ಮವರು ಮಾತು ಬದಲಿಸಲು, ಹೊಸ ಗಣಿಗೆ ಯಾವಾಗ ಹೊರಡುತ್ತೀರಿ ಎಂದು ಕೇಳಿಯೇಬಿಟ್ಟರು. "ಓ, ಅದಾ? ಬರಲ್ಲ ಅಂತ ಅಲ್ಲಿಂದಲೇ ಹೇಳ್ಬಿಟ್ಟೆ. ಪರ್ತಲ್ಲೇ ಏನಾದ್ರೂ ಸಣ್ಣದು ನೋಡ್ಕೋತೀನಿ. ಬೆನ್ನು ನೋವು ನೋಡಿ" ಎಂದು ಭಾವ ಮುಂದಿನ ಫೋಟೋಗೆ ಹಾರಿದರು. ಪೆಟ್ಟಿಗೆ ಎರಡೂ ತಾವೇ ಹೊತ್ತು ಯುರೋಪ್ ಸುತ್ತಿ ಬಂದವರಿಗೆ ಬೆನ್ನು ನೋವೇ?

ನಾನು ಅಡುಗೆಮನೆಗೆ ಹೋದೆ. ಅಕ್ಕ ಕಾಫಿಗೆ ಹಾಲು ಕಾಯಿಸುತ್ತಿದ್ದಳು.

"ಅಕ್ಕ, ಏನಾಯ್ತು ಅಲ್ಲಿ?"

ಅವಳು ಹಾಲಿನ ಕಡೆ ಒಮ್ಮೆ ನೋಡಿ, ಒಲೆ ಸಣ್ಣ ಮಾಡಿದಳು. "ಒಂದು ಸ್ಟೇಷನ್ ತಪ್ಪಿತು ಕಣೇ. ಆಸ್ಟ್ರಿಯಾದಲ್ಲಿ. ಬೆಳಗಿನಿಂದ ಸುತ್ತಿ ಸುಸ್ತಾಗಿತ್ತು, ರೈಲಲ್ಲಿ ಹಾಗೇ ಅವರ ಭುಜದ ಮೇಲೆ ನಿದ್ದೆ ಹೋಗ್ಬಿಟ್ಟೆ. ನಾವು ಇಳೀಬೇಕಾದ ಊರು ಬಂತು. ಅವರು ಅಲ್ಲಾಡಲಿಲ್ಲ. ರೈಲು ಹೊರಟುಹೋಯ್ತು. ಟಿಕೆಟ್ ನೋಡೋನು ಬಂದು ಎಲ್ಲಿಗೆ ಅಂತ ಕೇಳಿದ್ದಕ್ಕೆ, ಮೆಲ್ಲಗೆ ಮಾತಾಡಿ, ನನ್ನ ಹೆಂಡತಿ ಮಲಗಿದ್ದಾಳೆ, ಈ ರೈಲು ಎಲ್ಲೀವರೆಗೆ ಹೋಗತ್ತೋ ಅಲ್ಲೀವರೆಗೂ ಬರ್ತೀವಿ ಅಂದ್ರು. ಕೊನೇ ಊರಿನವರೆಗೂ ಹಾಗೇ ಕಲ್ಲಿನ ಹಾಗೆ ಕೂತಿದ್ರು."

ಬಾಗಿಲ ಬಳಿ ನಿಂತು ಜಗತ್ತನ್ನೇ ಇಳಿಸುವ ನಮ್ಮ ಭಾವ! ಆಮೇಲೆ ತಟ್ಟನೆ ಹೊಳೆಯಿತು.

"ಅಲ್ಲ ಅಕ್ಕ, ನೀನು ನಿದ್ದೆ ಮಾಡ್ತಿದ್ದೆ. ಇದೆಲ್ಲ ನಿನಗೆ ಹೇಗೆ ಗೊತ್ತು? ಭಾವ ಹೇಳಿದ್ರಾ?"

"ಅವರು ಎಲ್ಲಿ ಹೇಳ್ತಾರೆ!" ಅಕ್ಕ ಕಣ್ಣೊರೆಸಿಕೊಂಡಳು, ನಗುತ್ತಲೇ. "ರೈಲು ನಿಂತಾಗಲೇ ನನಗೆ ಎಚ್ಚರ ಆಗಿತ್ತು ಕಣೇ. ಕಣ್ಣು ಬಿಟ್ರೆ ಇಳಿಸಿಬಿಡ್ತಾರೆ ಅಂತ ಸುಮ್ಮನೆ ಮಲಗಿದ್ದೆ."