ಮೂರಂಗುಲ ಹೆಚ್ಚಾದ ಲಾರಿ

ಶೆಡ್ಡು ಕಟ್ಟಲು ಬಂದ ಮೇಸ್ತ್ರಿ ಎತ್ತರ ಎಷ್ಟಿರಲಿ ಎಂದು ಕೇಳಿದಾಗ, ಕಟ್ಟಡದ ಸಂಘದ ಕಾರ್ಯದರ್ಶಿಗಳು ತಮ್ಮ ಕಾರಿನ ಪಕ್ಕ ನಿಂತು, ತಲೆಯ ಮೇಲೆ ಒಂದು ಗೇಣು ಕೈಯೆತ್ತಿ, "ಇಷ್ಟು ಸಾಕು" ಎಂದಿದ್ದರು. ಕಾರ್ಯದರ್ಶಿಗಳು ಕುಳ್ಳಗಿದ್ದರು. ಮುಂದೆ ಆದದ್ದಕ್ಕೆಲ್ಲ ಮೂಲ ಇಷ್ಟೇ.

ಹಾಗೆ ಎದ್ದ ತಗಡಿನ ಶೆಡ್ಡಿನೊಳಗೆ ಎಲ್ಲರ ಕಾರು ಸ್ಕೂಟರುಗಳೂ ಸುಸೂತ್ರವಾಗಿ ಹೋಗಿ ನಿಂತವು. ಹೊರಗುಳಿದದ್ದು ಲೆನ್ಸಪ್ಪನ ಲಾರಿ ಒಂದೇ.

ಲೆನ್ಸಪ್ಪ ಎಂಬುದು ಅವನ ಹೆಸರಲ್ಲ. ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸವಾದ್ದರಿಂದ ಕಟ್ಟಡದವರು ಇಟ್ಟ ಹೆಸರು. ನಿಜವಾದ ಹೆಸರು ಅವನ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ನೆನಪಿರಲಿಲ್ಲ. ಲಾರಿ ಅವನಿಗಿಂತ ಹನ್ನೆರಡು ವರ್ಷ ಹಿರಿಯದು. ಹಿಟ್ಟಿನ ಗಿರಣಿಯೊಂದರ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ತಂದು ಮೂರು ವರ್ಷ ತಿಕ್ಕಿ ತೀಡಿ ಓಡುವಂತೆ ಮಾಡಿದ್ದ. ಹಸಿರು ಬಣ್ಣ, ದುಂಡನೆ ದೀಪಗಳು, ಇಬ್ಬರು ಕೂರುವ ಕ್ಯಾಬಿನ್ನು, ಅದರ ಹಿಂದೆ ಹಲಗೆ ಹಾಸಿದ ತೆರೆದ ತೊಟ್ಟಿ. ಕ್ಯಾಬಿನ್ನಿನ ಚಾವಣಿ ಹಿಂದಕ್ಕೆ ಹೋದಂತೆ ಒಂದಿಷ್ಟು ಡುಬ್ಬವಾಗಿ ಏಳುತ್ತಿತ್ತು.

ಭಾನುವಾರ ಬೆಳಗ್ಗೆ ಏಳರಿಂದ ಎಂಟರ ತನಕ ಲೆನ್ಸಪ್ಪ ಒಬ್ಬನೇ ಆ ಲಾರಿಯಲ್ಲಿ ಊರ ಹೊರಗಿನ ರಸ್ತೆಯಲ್ಲಿ ಹೋಗಿಬರುತ್ತಿದ್ದ. ಎಲ್ಲಿಗೂ ಅಲ್ಲ, ಸುಮ್ಮನೆ. ವಾರವಿಡೀ ಅಂಗಡಿಯಲ್ಲಿ ಮಾಲೀಕನ ಮಾತು, ಗಿರಾಕಿಗಳ ಮಾತು. ಮನೆಗೆ ಬಂದರೆ ಮೆಟ್ಟಿಲ ಮೇಲೆ ನೆರೆಯವರ ಮಾತು. ಅವನ ಮನೆಯ ಕುಕ್ಕರ್ ಎಷ್ಟು ಸಲ ಕೂಗಬೇಕೆಂಬುದರ ಬಗ್ಗೆಯೂ ಆ ಕಟ್ಟಡದಲ್ಲಿ ಎರಡು ಅಭಿಪ್ರಾಯಗಳಿದ್ದವು. ಲಾರಿಯ ಎಂಜಿನ್ನು ಒಮ್ಮೆ ಶುರುವಾದರೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಆ ಒಂದು ಗಂಟೆಗಾಗಿಯೇ ಅವನು ಉಳಿದ ವಾರವನ್ನು ತಳ್ಳುತ್ತಿದ್ದ ಎಂದರೆ ಸುಳ್ಳಲ್ಲ.

ಈ ಭಾನುವಾರ ಕೀಲಿ ಹಿಡಿದು ಬಾಗಿಲು ತೆಗೆದಾಗ ಕಾಲ ಬಳಿ ಒಂದು ಚೀಟಿ ಬಿದ್ದಿತ್ತು. 'ಈ ದಿನ ಸಂಜೆ ಆರು ಗಂಟೆಯ ನಂತರ ಶೆಡ್ಡಿನ ಹೊರಗೆ ನಿಂತಿರುವ ವಾಹನವನ್ನು ವಾರಸುದಾರರಿಲ್ಲದ ವಾಹನವೆಂದು ಪರಿಗಣಿಸಿ ಗುಜರಿಯವರಿಗೆ ಒಪ್ಪಿಸಲಾಗುವುದು. ಕಾರ್ಯದರ್ಶಿ.'

"ವಾರಸುದಾರ ನಾನಿಲ್ವಾ?" ಎಂದ ಲೆನ್ಸಪ್ಪ, ಚೀಟಿಗೇ.

ಹೆಂಡತಿ ಹೆಗಲ ಮೇಲಿಂದ ಇಣುಕಿ ಓದಿದಳು. "ಅವರ ಹತ್ರ ಹೋಗಿ ಮಾತಾಡಿ. ಆದ್ರೆ ಮೆಟ್ಟಿಲ ಮೇಲೆ ನಿಂತ್ಕೊಂಡು ಮಾತಾಡ್ಬೇಡಿ ರೀ. ಎಲ್ಲರೂ ಸೇರ್ಕೋತಾರೆ."

ಅವನು ಮೆಟ್ಟಿಲ ಮೇಲೆಯೇ ಮಾತಾಡಿದ. ಕಾರ್ಯದರ್ಶಿಗಳು ಅಲ್ಲೇ ಸಿಕ್ಕರು, ಏನು ಮಾಡುವುದು? ಐದು ನಿಮಿಷದಲ್ಲಿ ಎಲ್ಲರೂ ಅಂಗಳಕ್ಕೆ ಇಳಿದು ಲಾರಿಯ ಸುತ್ತ ನಿಂತಿದ್ದರು. ನಿವೃತ್ತ ಸರ್ವೇಯರು ಟೇಪು ತಂದರು. ಲಾರಿಯ ಡುಬ್ಬ ಅಳೆದರು, ಶೆಡ್ಡಿನ ತೊಲೆ ಅಳೆದರು, ಕಣ್ಣು ಮುಚ್ಚಿ ಕಳೆದರು.

"ಮೂರಂಗುಲ ಹೆಚ್ಚು" ಎಂದು ತೀರ್ಪಿತ್ತರು.

"ತೊಲೇನೇ ಮೂರಂಗುಲ ಎತ್ತಿದ್ರೆ?" ಎಂದ ಲೆನ್ಸಪ್ಪ.

"ಒಂದು ಲಾರಿಗೋಸ್ಕರ ಇಡೀ ಶೆಡ್ಡು ಬಿಚ್ಚೋಕಾಗುತ್ತೇನ್ರೀ? ಮೊನ್ನೆ ಬಣ್ಣ ಹೊಡೆಸಿದ್ದೀವಿ" ಎಂದರು ಕಾರ್ಯದರ್ಶಿ.

"ಲಾರಿ ತಲೆ ಕೊಯ್ಸಿಬಿಡಪ್ಪ. ಗಾಳಿನೂ ಚೆನ್ನಾಗಿ ಬರುತ್ತೆ." ಇದು ಮೂರನೇ ಮಹಡಿಯ ಮುದುಕಿ. ಕಟ್ಟಡಕ್ಕೆಲ್ಲ ಅವರು ದೊಡ್ಡಮ್ಮ. ಅವರ ಸಲಹೆಗಳೆಲ್ಲ ಕೊಯ್ಯುವುದು, ಕೀಳುವುದು, ಬಿಸಾಡುವುದರ ಸುತ್ತಲೇ ಇರುತ್ತಿದ್ದವು. ಲೆನ್ಸಪ್ಪನ ಕೈ ತಾನಾಗಿ ಲಾರಿಯ ಚಾವಣಿಯನ್ನು ಸವರಿತು.

ಶಾಲೆಯ ಡ್ರಿಲ್ ಮೇಷ್ಟ್ರಿಗೆ ಬಾಯಿಗಿಂತ ಕೈ ಚುರುಕು. ಯಾರನ್ನೂ ಕೇಳದೆ ನಾಲ್ಕೂ ಚಕ್ರದ ಗಾಳಿ ಬಿಟ್ಟರು. ಟೈರುಗಳು ಅಪ್ಪಚ್ಚಿಯಾದವು, ಲಾರಿ ಇಳಿದದ್ದು ಒಂದೂವರೆ ಅಂಗುಲ. ಆಮೇಲೆ ಒಂದು ಗಂಟೆ ಕಾಲ ಪಂಪು ಹಿಡಿದು ಗಾಳಿ ತುಂಬಿದವನು ಲೆನ್ಸಪ್ಪ. "ಬೆಳಗಿನ ವ್ಯಾಯಾಮ ಆಯ್ತು ಬಿಡಿ" ಎಂದು ಮೇಷ್ಟ್ರು ಬೆನ್ನು ತಟ್ಟಿದರು.

ಹನ್ನೊಂದಕ್ಕೆ ಮೆಕ್ಯಾನಿಕ್ ಬಂದ. ಲಾರಿಯ ಅಡಿಗೆ ನುಸುಳಿ ಬಹಳ ಹೊತ್ತು ಅಲ್ಲೇ ಇದ್ದ. ಅಂಗಳದಲ್ಲಿ ನೆಮ್ಮದಿಯಿದ್ದ ಜಾಗ ಅದೊಂದೇ ಇರಬೇಕು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ: "ತಗ್ಗಿಸೋಕೆ ಎರಡು ದಾರಿ ಸಾರ್. ಈಗ ಸ್ಪ್ರಿಂಗಿನ ಪಟ್ಟಿಗಳು ಆಕ್ಸಲ್ ಮೇಲೆ ಕೂತಿವೆ. ಆಕ್ಸಲ್‌ನ ಎತ್ತಿ ಪಟ್ಟಿಗಳ ಮೇಲೆ ಕೂರಿಸಿದ್ರೆ ಐದಂಗುಲ ಇಳಿಯುತ್ತೆ. ಆದ್ರೆ ಗುಂಡಿ ಬಂದಾಗೆಲ್ಲ ಆಕ್ಸಲ್ ಮೇಲಕ್ಕೆ ಬಡಿಯುತ್ತೆ, ಕೆಲಸಾನೂ ಎರಡು ದಿನ."

"ಆರು ಗಂಟೆವರೆಗೆ ಮಾತ್ರ ಟೈಮು" ಎಂದು ಕಾರ್ಯದರ್ಶಿಗಳು ಗಡಿಯಾರ ತೋರಿಸಿದರು.

"ಹಾಗಿದ್ರೆ ಒಂದೊಂದು ಸ್ಪ್ರಿಂಗಿನ ಕಟ್ಟಿನಿಂದ ಎರಡೆರಡು ಪಟ್ಟಿ ತೆಗೀಬೇಕು. ಎರಡಂಗುಲ ಇಳೀಬಹುದು, ಜಾಸ್ತಿನೂ ಇಳೀಬಹುದು. ಹಳೇ ಉಕ್ಕು, ಹೇಳೋಕಾಗಲ್ಲ. ಒಂದು ಮಾತು ಸಾರ್. ತಗ್ಗಿಸೋದು ಸುಲಭ. ಆಮೇಲೆ ನೋಡಿದಾಗ ಹೊಟ್ಟೆ ಉರಿಯುತ್ತೆ. ಇಂಥಾ ಗಾಡಿ ಹೀಗೆ ಎದೆ ಸೆಟೆಸ್ಕೊಂಡು ನಿಂತ್ರೇನೇ ಚೆಂದ."

ಅದು ಲೆನ್ಸಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ಲಾರಿಯನ್ನು ನೋಡಿದ. ಮೂರು ವರ್ಷ ಕೂತು ಒಂದೊಂದು ನಟ್ಟನ್ನೂ ಮೊದಲಿದ್ದ ಹಾಗೇ ಕೂರಿಸಿದ್ದ. ಹಾರ್ನಿನ ರಬ್ಬರಿಗಾಗಿ ಎರಡು ಊರು ಅಲೆದಿದ್ದ. ಈಗ ಒಬ್ಬ ಕುಳ್ಳ ಮನುಷ್ಯ ಕೈ ಎತ್ತಿದಷ್ಟಕ್ಕೆ ಅದರ ಕಾಲು ಮುರಿಯಬೇಕು. ನಿಜವಾಗಿಯೂ ಅಳು ಬಂತು. ಆದರೆ ಸಂಜೆ ಆರರ ಗುಜರಿ ಲಾರಿ ಕಣ್ಣ ಮುಂದೆ ಬಂತು, ಲಾರಿಯಿಲ್ಲದ ಭಾನುವಾರವೂ ಬಂತು.

"ಲಾರಿ ಕುಳ್ಳಗಾದ್ರೆ ಏನೀಗ?" ಎಂದು ಕಿಟಕಿಯಿಂದ ಹೆಂಡತಿ ಹೇಳಿದಳು. "ಒಳಗೆ ಕೂತವರಿಗೆ ಅದು ಕಾಣ್ಸಲ್ವಲ್ಲ. ಆ ಒಂದು ಗಂಟೆ ಇಲ್ದೆ ನಿಮ್ಮನ್ನ ವಾರವಿಡೀ ಮನೇಲಿ ನೋಡೋಕೆ ನನ್ನ ಕೈಲಾಗಲ್ಲ. ತೆಗೆಸಿ."

"ತೆಗೀರಿ" ಎಂದ ಲೆನ್ಸಪ್ಪ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವನ ಹಾಗೆ.

ಮೆಕ್ಯಾನಿಕ್ ಲಾರಿಯನ್ನು ಜ್ಯಾಕಿನ ಮೇಲೆ ಎತ್ತಿ ಕೆಲಸಕ್ಕಿಳಿದ. ಐವತ್ತು ವರ್ಷದ ಬೋಲ್ಟುಗಳು. ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಮೇಷ್ಟ್ರು ಒಂದನ್ನು ತಿರುಗಿಸಲು ಹೋಗಿ ಸ್ಪ್ಯಾನರಿನ ಸಮೇತ ಹಿಂದಕ್ಕೆ ಬಿದ್ದರು. ಸರ್ವೇಯರು ಬಿಚ್ಚಿದ ಪಟ್ಟಿಗಳನ್ನೆಲ್ಲ ಅಳೆದು ಬರೆದುಕೊಂಡರು; ಏಕೆಂದು ಯಾರಿಗೂ ತಿಳಿಯಲಿಲ್ಲ. ಕೆಳಮಹಡಿಯಲ್ಲಿದ್ದ ಹಾಲಿನ ಬೂತಿನ ಅಣ್ಣತಮ್ಮಂದಿರಿಬ್ಬರು ಅಂಗಡಿ ಮುಚ್ಚಿ ಬಂದು, ಎಡಗಡೆಯ ಪಟ್ಟಿ ಮೊದಲು ತೆಗೆಯಬೇಕಿತ್ತು, ಬಲಗಡೆಯದಲ್ಲ ಎಂದು ವಾದಿಸಿದರು. ದೊಡ್ಡಮ್ಮ ಕುರ್ಚಿ ತರಿಸಿಕೊಂಡು ಕೂತು, ಮೆಕ್ಯಾನಿಕ್ಕಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದರು.

ಐದು ಗಂಟೆಗೆ ಚಕ್ರಗಳು ಮತ್ತೆ ನೆಲ ಮುಟ್ಟಿದವು. ಲಾರಿ ನಿಟ್ಟುಸಿರು ಬಿಟ್ಟಂತೆ ಕೆಳಗಿಳಿದು ನಿಂತಿತು. ಸರ್ವೇಯರು ಅಳೆಯುವ ಮೊದಲೇ ಮೆಕ್ಯಾನಿಕ್ ಕೈ ಅಡ್ಡ ಹಿಡಿದ.

"ಈಗಲೇ ಅಳೀಬೇಡಿ. ಪಟ್ಟಿಗಳು ಒಂದಕ್ಕೊಂದು ಹೊಂದ್ಕೋಬೇಕು. ಎಲ್ಲರೂ ಹಿಂದೆ ಹತ್ತಿ ಒಂದು ಹತ್ತು ನಿಮಿಷ ಕೂತ್ಕೊಳ್ಳಿ."

ಇಂಥ ಕೆಲಸಕ್ಕೆ ಆ ಕಟ್ಟಡದಲ್ಲಿ ಎಂದೂ ಜನರ ಕೊರತೆಯಿರಲಿಲ್ಲ. ದೊಡ್ಡಮ್ಮನನ್ನು ಕುರ್ಚಿಯ ಸಮೇತ ಎತ್ತಿಟ್ಟರು. ಮೇಷ್ಟ್ರು, ಅಣ್ಣತಮ್ಮಂದಿರು, ಸರ್ವೇಯರು, ಅವರ ಹೆಂಡತಿ, ಎಲ್ಲರೂ ಹತ್ತಿ ಕೂತರು. ಮೆಕ್ಯಾನಿಕ್ಕಿಗೆ ಇನ್ನೊಂದು ಕಡೆ ಕೆಲಸವಿತ್ತು. "ಹತ್ತು ನಿಮಿಷ ಬಿಟ್ಟು ಎಲ್ಲರನ್ನೂ ಇಳಿಸಿ ಅಳೀರಿ" ಎಂದು ಹೇಳಿ ಅವನು ಹೊರಟ. ಆಗ ತೊಟ್ಟಿಯಲ್ಲಿ ಲಾರಿಯ ಮೈಲೇಜಿನ ಬಗ್ಗೆ ಜಗಳ ಹತ್ತಿತ್ತು. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಆರಕ್ಕೆ ಹದಿನೈದು ನಿಮಿಷವಿದ್ದಾಗ ಸರ್ವೇಯರು ಕೂತಲ್ಲಿಂದಲೇ ಟೇಪಿನ ತುದಿಯನ್ನು ಡುಬ್ಬದ ಮೇಲಿಟ್ಟರು. "ಕೆಳಗಡೆ ನೀವು ಹಿಡೀರಿ ಲೆನ್ಸಪ್ಪ."

ಲೆನ್ಸಪ್ಪ ಮಂಡಿಯೂರಿ ಅಂಕಿ ಓದಿದ. ಮತ್ತೊಮ್ಮೆ ಓದಿದ. ಮೂರೂವರೆ ಅಂಗುಲ ಇಳಿದಿತ್ತು! ಕೂದಲೆಳೆಯ ವ್ಯತ್ಯಾಸಕ್ಕೂ ಗಾಜನ್ನು ಮತ್ತೆ ಉಜ್ಜುವ ಮನುಷ್ಯ ಅವನು. ಅಳತೆಯಲ್ಲಿ ತಪ್ಪು ಹುಡುಕಬೇಕೆಂದು ಅವತ್ತು ಮಾತ್ರ ಅವನಿಗೆ ತೋಚಲಿಲ್ಲ. ಸಂತೋಷವಾದಾಗ ಯಾರಿಗೂ ತೋಚುವುದಿಲ್ಲ.

"ಇಳೀಬೇಡಿ, ಯಾರೂ ಇಳೀಬೇಡಿ, ಹಾಗೇ ಕೂತಿರಿ, ಟೈಮಿಲ್ಲ!" ಎಂದು ಕೂಗಿ ಅವನೇ ಸ್ಟೀರಿಂಗಿಗೆ ಹಾರಿದ.

"ತಲೆ ತಗ್ಗಿಸಿ!" ಎಂದು ಮೇಷ್ಟ್ರು ಆಜ್ಞೆ ಕೊಟ್ಟರು. ಆರೂ ತಲೆಗಳು ತಗ್ಗಿದವು. ದೊಡ್ಡಮ್ಮ ಕುರ್ಚಿಯಿಂದ ಹಲಗೆಗೆ ಇಳಿದು ಕೂತರು. ಲಾರಿ ಮೆಲ್ಲಗೆ ತೊಲೆಯ ಕೆಳಗೆ ನುಗ್ಗಿತು. ಡುಬ್ಬಕ್ಕೂ ತೊಲೆಗೂ ಅರ್ಧ ಅಂಗುಲ ಬಿಟ್ಟು, ಅಂಗೈಯಿಂದ ಸವರಿದ ಹಾಗೆ ಒಳಗೆ ಹೋಗಿ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಕಾರ್ಯದರ್ಶಿಗಳು ಕೂಡ ಒಂದು ಸಲ ಹೊಡೆದು ಕೈ ಹಿಂದೆ ಕಟ್ಟಿಕೊಂಡರು.

ಮೇಷ್ಟ್ರು ಮೊದಲು ಧುಮುಕಿದರು. ಲಾರಿಯ ಅಡಿಯಿಂದ ಕಿರ್ ಎಂದಿತು. ಅಣ್ಣತಮ್ಮಂದಿರು ಇಳಿದರು, ಇನ್ನೊಮ್ಮೆ ಕಿರ್ ಎಂದಿತು. ಸರ್ವೇಯರು ಹೆಂಡತಿಯ ಕೈ ಹಿಡಿದು ಇಳಿಸುವ ಹೊತ್ತಿಗೆ ಲೆನ್ಸಪ್ಪನಿಗೆ ತಲೆಯ ಮೇಲೆ ಏನೋ ಮೆಲ್ಲಗೆ ಬಂದು ಕೂತಂತೆ ಕೇಳಿಸಿತು. ಕೊನೆಗೆ ಮೇಷ್ಟ್ರು ದೊಡ್ಡಮ್ಮನನ್ನು ಎತ್ತಿ ಇಳಿಸಿದರು. ದೊಡ್ಡಮ್ಮನ ತೂಕ ಸಾಮಾನ್ಯದ್ದಲ್ಲ. ತೊಲೆ ಲಟಕ್ ಎಂದಿತು, ತಗಡು ಢಣ್ ಎಂದಿತು. ಶೆಡ್ಡಿನ ಮೇಲೆ ಕೂತಿದ್ದ ಕಾಗೆ ಎದ್ದು ಹಾರಿತು.

ಲೆನ್ಸಪ್ಪ ಇಳಿದು ನೋಡಿದ. ಲಾರಿಯ ಡುಬ್ಬ ತೊಲೆಗೆ ಅಮುಕಿಕೊಂಡು ನಿಂತಿತ್ತು. ಮತ್ತೆ ಹತ್ತಿ ಗಾಡಿಯನ್ನು ಹಿಂದಕ್ಕೆ ತೆಗೆಯಲು ನೋಡಿದ. ಲಾರಿಯ ಜೊತೆ ಶೆಡ್ಡೂ ಹೊರಡುವ ಸದ್ದು ಬಂತು.

"ನಿಲ್ಸಿ, ನಿಲ್ಸಿ!" ಎಂದರು ಕಾರ್ಯದರ್ಶಿ. "ಒಳಗಿದೆ ತಾನೇ? ನಿಯಮದ ಪ್ರಕಾರ ಎಲ್ಲ ಸರಿಯಾಗಿದೆ."

"ಹೊರಗೆ ತೆಗೆಯೋದು ಹೇಗೆ?"

ಅವನ ಪ್ರಶ್ನೆಗೆ ಉತ್ತರವಾಗಿ ಆರೂ ಜನ ಮತ್ತೆ ಹತ್ತಿ ಕೂತರು. ಲಾರಿ ವಿಧೇಯವಾಗಿ ತಗ್ಗಿತು. ಇಳಿದರು, ಅಮುಕಿಕೊಂಡಿತು. ಆರೇ ಬೇಕೋ, ಐದು ಸಾಕೋ ಎಂದು ಸರ್ವೇಯರು ಪರೀಕ್ಷೆ ಮಾಡಿಯೇಬಿಟ್ಟರು. ಆರೇ ಬೇಕು.

ಲೆನ್ಸಪ್ಪನಿಗೆ ಒಂದು ಆಸೆ ಹುಟ್ಟಿತು. "ಮರಳಿನ ಮೂಟೆ! ತೊಟ್ಟಿಯಲ್ಲಿ ಖಾಯಂ ಆಗಿ ಹನ್ನೆರಡು ಮೂಟೆ ಮರಳು ಇಟ್ಟುಬಿಡ್ತೀನಿ. ಯಾರಿಗೂ ತೊಂದರೆ ಬೇಡ."

ಕಾರ್ಯದರ್ಶಿಗಳು ಜೇಬಿನಿಂದ ನಿಯಮಗಳ ಪುಸ್ತಕ ತೆಗೆದರು. "ಒಂಬತ್ತನೇ ನಿಯಮ. ಶೆಡ್ಡಿನೊಳಗೆ ಮರಳು, ಇಟ್ಟಿಗೆ, ಜಲ್ಲಿ ಅಥವಾ ಯಾವುದೇ ಭಾರದ ಸಾಮಾನು ಶೇಖರಿಸತಕ್ಕದ್ದಲ್ಲ."

"ಜನ?"

ಕಾರ್ಯದರ್ಶಿಗಳು ಪುಟ ತಿರುಗಿಸಿದರು. "ಜನರ ಬಗ್ಗೆ ಏನೂ ಇಲ್ಲ."

"ಅದಕ್ಯಾಕಪ್ಪ ಅಷ್ಟು ಯೋಚನೆ?" ಎಂದರು ದೊಡ್ಡಮ್ಮ. "ಭಾನುವಾರ ತಾನೇ? ನಾವೆಲ್ಲ ಬಂದು ಕೂತ್ಕೋತೀವಿ. ನೆರೆಹೊರೆ ಅಂದ್ಮೇಲೆ ಅಷ್ಟೂ ಮಾಡಲ್ವಾ?"

ಲೆನ್ಸಪ್ಪನ ಕಣ್ಣು ತುಂಬಿ ಬಂತು. ಇವರನ್ನೆಲ್ಲ ಇಷ್ಟು ದಿನ ತಪ್ಪು ತಿಳಿದಿದ್ದೆನಲ್ಲ ಎನ್ನಿಸಿತು. "ಎರಡೇ ನಿಮಿಷ ದೊಡ್ಡಮ್ಮ. ಗೇಟಿನ ಹತ್ರ ಇಳಿಸಿಬಿಡ್ತೀನಿ."

"ಇಳಿಸಿ?" ಎಂದರು ಸರ್ವೇಯರು. ಅವರಿಗೆ ಲೆಕ್ಕ ಪೂರ್ತಿಯಾಗದಿದ್ದರೆ ಸಮಾಧಾನವಿರುತ್ತಿರಲಿಲ್ಲ. "ಎಂಟು ಗಂಟೆಗೆ ವಾಪಸು ಬಂದಾಗ ನಾವು ಎಲ್ಲೆಲ್ಲಿರ್ತೀವೋ ಏನೋ. ಒಬ್ಬರು ಸಿಗದಿದ್ರೂ ಲಾರಿ ಹೊರಗೇ ಉಳಿಯುತ್ತೆ."

"ಹೊರಗೆ ಉಳಿದ್ರೆ ಗುಜರಿ" ಎಂದರು ಕಾರ್ಯದರ್ಶಿ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬರುವುದೆಂದು ತೀರ್ಮಾನವಾಯಿತು. ದೊಡ್ಡಮ್ಮ ತಂಗಿಯ ಮನೆಗೆ ಹೋಗಬೇಕೆಂದರು, ಅಣ್ಣತಮ್ಮಂದಿರು ಕೆರೆ ಏರಿಗೆ, ಮೇಷ್ಟ್ರು ಮೈದಾನಕ್ಕೆ. ಯಾವ ಗೇರಿನಲ್ಲಿ ಹೋಗಬೇಕೆಂಬುದರ ಬಗ್ಗೆಯೂ ಎರಡು ಅಭಿಪ್ರಾಯಗಳು ಹುಟ್ಟಿಕೊಂಡವು. ಒಬ್ಬರು ತಪ್ಪಿದರೆ ಇರಲಿ ಎಂದು ಕಾರ್ಯದರ್ಶಿಗಳು ತಾವೂ ಬರುವುದಾಗಿ ದೊಡ್ಡ ಮನಸ್ಸು ಮಾಡಿ, ಮುಂದಿನ ಸೀಟಿನಲ್ಲಿ ಲೆನ್ಸಪ್ಪನ ಪಕ್ಕದ ಜಾಗ ಹಿಡಿದುಕೊಂಡರು.

ಲೆನ್ಸಪ್ಪ ಮೆಟ್ಟಿಲು ಹತ್ತಿ ಮನೆಗೆ ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿದ. "ಬರೋ ಭಾನುವಾರ ನೀನೂ ಬಾರೇ" ಎಂದ, ಒಬ್ಬಳಾದರೂ ತನ್ನ ಕಡೆಯವಳಿರಲಿ ಎಂದು.

ಹೆಂಡತಿ ಕಿಟಕಿಯ ಬಳಿ ನಿಂತು ಕೆಳಗಿನ ಗದ್ದಲವನ್ನು ನೋಡುತ್ತಿದ್ದಳು. ಒಂದೊಂದೇ ಬೆರಳು ಮಡಿಸಿ ಎಣಿಸಿದಳು: ದೊಡ್ಡಮ್ಮ, ಮೇಷ್ಟ್ರು, ಸರ್ವೇಯರ ಸಂಸಾರ, ಹಾಲಿನವರಿಬ್ಬರು, ಕಾರ್ಯದರ್ಶಿ, ಗಂಡ. ಎಣಿಸುತ್ತ ಎಣಿಸುತ್ತ ಅವಳ ಮುಖ ಅರಳಿತು.

"ಎಲ್ಲರೂ ನಿಮ್ಮ ಜೊತೆಗೇ ಹೋಗ್ತಾರಾ? ಇಡೀ ಕಟ್ಟಡದಲ್ಲಿ ನಾನೊಬ್ಬಳೇನಾ?" ಎಂದಳು. "ನಾನು ಖಂಡಿತ ಬರಲ್ಲ. ನೀವು ಮಾತ್ರ ಒಂದು ಗಂಟೆಗೇ ಓಡಿ ಬಂದುಬಿಡ್ಬೇಡಿ ರೀ. ನಿಧಾನಕ್ಕೆ, ಮಧ್ಯಾಹ್ನದ ಊಟದ ಹೊತ್ತಿಗೆ ಬನ್ನಿ."