ಕ್ಯಾಮೆರಾದ ಕಣ್ಣಿಗೆ ಕುಂಕುಮ

ಬಂದೂಕಿನ ಅಂಗಡಿ ಇಟ್ಟುಕೊಂಡು ಪಟಾಕಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಗೋಡೆಯ ಮೇಲಿನ ಫೋಟೋದಿಂದ ಇಳಿದು ಬಂದು ಕಿವಿ ಹಿಂಡುತ್ತಾರೆ. ಹೆಸರು ಬಾಯಿಬಿಡುವುದೆಂದರೆ ಅವರಿಗೆ ಅಷ್ಟು ಆಗದು.

ಚಿಂತಾಮಣಿಯ ಪೇಟೆಯಲ್ಲಿ ಅವರ ಅಂಗಡಿ. ಗಿರಾಕಿಗಳೆಲ್ಲ ಹಂದಿ ಓಡಿಸಲು ಲೈಸೆನ್ಸ್ ಪಡೆದ ರೈತರು. ಯಾರು ಏನು ಕೊಂಡರೆಂದು ಮಾವ ಸರ್ಕಾರಕ್ಕೆ ಚಾಚೂ ತಪ್ಪದೆ ತಿಳಿಸುತ್ತಿದ್ದರು, ಊರಿಗೆ ತಿಳಿಸುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಇಲ್ಲ! ಒಮ್ಮೆ ಅತ್ತೆಯ ತಮ್ಮನೇ ಬಂದೂಕಿನ ತೋಟಾ ಕೊಳ್ಳಲು ಬಂದಿದ್ದ. ಊಟಕ್ಕೆ ಬಡಿಸುತ್ತಾ ಅತ್ತೆ, "ಅಂಗಡಿಗೆ ಯಾರೋ ಬಂದಂಗಿತ್ತಲ್ಲ?" ಎಂದರೆ, "ಯಾರೋಪ್ಪ, ನಾನು ಮುಖ ನೋಡ್ಲಿಲ್ಲ" ಎಂದರು. ಆ ತಮ್ಮ ಪಕ್ಕದಲ್ಲೇ ಕೂತು ಮುದ್ದೆ ಮುರಿಯುತ್ತಿದ್ದ!

ಇಂಥವರ ಅಂಗಡಿಗೆ ಕ್ಯಾಮೆರಾ ಬಂತು. ಎರಡು ಸಾವಿರದ ಐದೋ ಆರೋ ಇರಬೇಕು. ಬಂದೂಕಿನ ವ್ಯವಹಾರಕ್ಕೆ ಬಂದವರ ಮುಖ ದಾಖಲಾಗಲೇಬೇಕೆಂದು ಮೇಲಿನಿಂದ ಆದೇಶವಂತೆ. ಗಿರಾಕಿ ಕೂರುವ ಕಬ್ಬಿಣದ ಕುರ್ಚಿಯ ಮೇಲೆ ಅದರ ಕಣ್ಣು. ಒಳಕೋಣೆಯಲ್ಲಿ ಕಪ್ಪುಬಿಳುಪು ಟಿವಿ, ಟೇಪು. ಅಂದಿನಿಂದ ಅಂಗಡಿಯ ಗಾಳಿಯೇ ಬೇರೆಯಾಯಿತು. ಯಾರೂ ಇಲ್ಲದಾಗಲೂ ಟಿವಿಯೊಳಗಿನ ಖಾಲಿ ಕುರ್ಚಿ ಯಾರನ್ನೋ ಕಾಯುತ್ತಿದೆ ಅನಿಸುತ್ತಿತ್ತು.

ನಾನು ಶಿಡ್ಲಘಟ್ಟದಲ್ಲಿ ಮೇಷ್ಟ್ರು. ರಜೆ ಬಂದರೆ ಮಾವನ ಅಂಗಡಿಯೇ ಗತಿ. ಒಂದು ಸಲ ಹೋದಾಗ ಹಳೆಯ ಟೇಪು ಓಡುತ್ತಿತ್ತು. ಕೈವಾರದ ಮುದುಕರೊಬ್ಬರು ಕುರ್ಚಿಯಲ್ಲಿ ಕೂತು ಆರಾಮಾಗಿ ಕಿವಿ ಕೆರೆದುಕೊಳ್ಳುತ್ತಿದ್ದರು. ಅವರ ತಿಥಿಯ ವಡೆಯನ್ನು ನಾನೇ ತಿಂದು ಬಂದಿದ್ದೆ!

"ನೋಡ್ದೇನೋ? ಸತ್ತೋರ್ನೂ ಬಿಡಲ್ಲ ಇದು. ರೆಪ್ಪೇನೂ ಆಡ್ಸಲ್ಲ" ಎಂದರು ಮಾವ, ಪಿಸುದನಿಯಲ್ಲಿ.

ಆಮೇಲೆ ಅವರು ಕ್ಯಾಮೆರಾಕ್ಕೆ ಬೆನ್ನು ತೋರಿಸಿದ್ದಿಲ್ಲ. ಒಳಕೋಣೆಗೆ ಹೋಗಬೇಕಾದರೆ ಹಿಂದಹಿಂದಕ್ಕೆ ನಡೆಯುತ್ತಿದ್ದರು. ನಾನು ಬಿದ್ದು ಬಿದ್ದು ನಕ್ಕೆ. ಒಬ್ಬನೇ ಅಂಗಡಿಯಲ್ಲಿದ್ದಾಗ ನಾನೂ ಹಾಗೇ ನಡೆದೆ, ಆ ಮಾತು ಬೇರೆ!

ಒಂದು ಮಧ್ಯಾಹ್ನ ಹೊಸಿಲ ಹೊರಗೆ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲಿ ಉದ್ದನೆಯ ಚೀಲ, ಅದರೊಳಗೆ ಬಂದೂಕು. ಸಾದಲಿ ಕಡೆಯವರೆನ್ನೋಣ; ನಿಜವಾದ ಊರು ಹೇಳಿದರೆ ಫೋಟೋ ಅಲುಗಾಡೀತು. ಗಂಡ ತೀರಿಕೊಂಡ ಮೇಲೆ ಬಂದೂಕು ಇವರ ಹೆಸರಿಗೆ ಬಂದಿತ್ತು.

"ಇದನ್ನ ನೀವೇ ತಗೊಳ್ಳಿ ಸ್ವಾಮಿ. ಗೋಡೆ ಮೇಲಿಂದ ನನ್ನೇ ನೋಡ್ತಾ ಇರ್ತದೆ, ಕಣ್ಣು ಮುಚ್ಚಕ್ಕಾಗಲ್ಲ. ಆದ್ರೆ ಮನೇಲಿ ಬಂದೂಕಿಲ್ಲ ಅಂತ ಮೈದುನರಿಗೆ ಗೊತ್ತಾದ್ರೆ ನಾಳೇನೇ ನನ್ನ ಹಿಪ್ಪುನೇರಳೆ ತೋಟಕ್ಕೆ ನೇಗಿಲು ಇಳಿಸ್ತಾರೆ." ಅಷ್ಟರಲ್ಲಿ ಅವರಿಗೆ ಕ್ಯಾಮೆರಾ ಕಂಡಿತು. "ಅದು ಯಾರಿಗೆ ತೋರಿಸ್ತದೆ?"

ಎತ್ತಿದ ಕಾಲು ಹೊಸಿಲು ದಾಟಲಿಲ್ಲ.

"ಸ್ವಲ್ಪ ಇರಮ್ಮ" ಎಂದ ಮಾವ ದೇವರ ಪಟದ ಮುಂದಿನ ಕುಂಕುಮವನ್ನು ನೀರಿನಲ್ಲಿ ಕಲಸಿ, ಸ್ಟೂಲು ಹತ್ತಿ, ಕ್ಯಾಮೆರಾದ ಕಣ್ಣಿನ ನಟ್ಟನಡುವೆ ಹೆಬ್ಬೆಟ್ಟಿನಿಂದ ಬಳಿದರು. ಊದುಬತ್ತಿಯನ್ನೂ ಬೆಳಗಿದರು.

"ಇದೇನು ಮಾವ?"

"ಆಯುಧ ಪೂಜೆ ಕಣೋ."

"ಇದು ವೈಶಾಖ!"

"ಆಯುಧಕ್ಕೆ ತಿಂಗಳು ಗೊತ್ತಾಗ್ತದೇನೋ?"

ಒಳಗೆ ಹೋಗಿ ಟಿವಿ ನೋಡಿದೆ. ಕುರ್ಚಿಯಲ್ಲಿ ಸೀರೆ ಉಟ್ಟ ಮೈಯೊಂದು ಕೂತಿದೆ, ಕುತ್ತಿಗೆಯ ಮೇಲೆ ಬರೀ ಕಪ್ಪು!

ಮಾವ ಚೀಲವನ್ನು ಒಳಕೋಣೆಗೆ ತಂದು ಬಂದೂಕನ್ನು ತೆಗೆದಿಟ್ಟರು. ಕಾಗದಪತ್ರವೆಲ್ಲ ಕಾನೂನಿನ ಪ್ರಕಾರವೇ ಆಯಿತು. ಖಾಲಿ ಚೀಲಕ್ಕೆ ತಮ್ಮ ಉದ್ದ ಹಿಡಿಯ ಕೊಡೆಯನ್ನು ತುರುಕಿ ಆಕೆಯ ಕೈಗೆ ಕೊಟ್ಟರು.

"ಬಸ್ಸಲ್ಲಿ ಎಲ್ರಿಗೂ ಕಾಣೋ ಹಂಗೆ ಹಿಡ್ಕೊಂಡು ಹೋಗಮ್ಮ. ವರ್ಷಕ್ಕೊಂದ್ಸಲ ಬಂದು ಎಣ್ಣೆ ಹಾಕಿಸ್ಕೊಂಡು ಹೋಗು."

ಮೈದುನರು ಸುಮ್ಮನಿರುತ್ತಾರೆಯೇ? ಇಬ್ಬರೂ ಪರಿಚಯದ ಪೊಲೀಸಪ್ಪನೊಬ್ಬನನ್ನು ಹಿಡಿದುಕೊಂಡು ಬಂದರು. ಅತ್ತಿಗೆ ಬಂದೂಕು ಮಾರಿದಳೋ ಇಟ್ಟುಕೊಂಡಿದ್ದಾಳೋ, ಟೇಪು ನೋಡಬೇಕಂತೆ. ಮಾವ ಕೂಡಲೇ ಹಾಕಿದರು. ತಲೆಯಿಲ್ಲದ ಪಂಚೆಯೊಂದು ಬಂದು ಕೂತಿತು. ತಲೆಯಿಲ್ಲದ ಪ್ಯಾಂಟು ಬಂತು. ತಲೆಯಿಲ್ಲದ ಸೀರೆಯೊಂದು ಉದ್ದನೆಯ ಚೀಲವನ್ನು ಎದೆಗವಚಿಕೊಂಡು ಎದ್ದುಹೋಯಿತು. ಸದ್ದೇ ಇಲ್ಲ!

"ಅಯ್ಯೋ, ತಲಕಾಯೇ ಲೇದು ಕದರಾ!" ಎಂದು ಚಿಕ್ಕ ಮೈದುನ ತೆಲುಗಿಗೆ ಜಾರಿದ.

"ಒರೆಸ್ರೀ ಅದನ್ನ" ಎಂದ ಪೊಲೀಸಪ್ಪ, ಕ್ಯಾಮೆರಾದ ಕಡೆ ಕೈ ತೋರಿಸಿ.

"ಆಯುಧಕ್ಕಿಟ್ಟ ಕುಂಕುಮ ಸಾರ್. ನೀವೇ ಒರೆಸಿ. ಮನೇಲಿ ಹೆಂಡ್ತಿ ಮಕ್ಕಳು ಚೆನ್ನಾಗಿದಾರಾ?"

ಮೂವರೂ ಹಿಂದಹಿಂದಕ್ಕೆ ನಡೆದೇ ಬೀದಿಗಿಳಿದರು!

ಅಂದಿನಿಂದ ಪ್ರತಿ ಶುಕ್ರವಾರ ಕ್ಯಾಮೆರಾಕ್ಕೆ ಹೊಸ ಕುಂಕುಮ. ತಪಾಸಣೆಗೆ ಬಂದವರೂ ಅದಕ್ಕೊಂದು ಕೈಮುಗಿದು ಹೋಗುತ್ತಿದ್ದರು. ಆಕೆ ವರ್ಷಾವರ್ಷ ಚೀಲ ಹಿಡಿದು ಬರುತ್ತಿದ್ದರು. ಮಾವ ಒಳಕೋಣೆಯಲ್ಲಿ ಕೂತು ಕೊಡೆಯ ಕಡ್ಡಿಗಳಿಗೆಲ್ಲ ಬಂದೂಕಿನ ಎಣ್ಣೆ ಹಚ್ಚುತ್ತಿದ್ದರು.

"ಕೊಡೆಗೆ ಯಾಕೆ ಮಾವ ಎಣ್ಣೆ?"

"ಬಸ್ಸಲ್ಲಿ ವಾಸನೆ ಬರ್ಬೇಕಲ್ಲೋ, ದಡ್ಡ!"

ಆಮೇಲೊಂದು ದಿನ ಮಾವ ಮಲಗಿದವರು ಏಳಲಿಲ್ಲ. ಬಂದೂಕುಗಳೆಲ್ಲ ಠಾಣೆ ಸೇರಿದವು. ಕ್ಯಾಮೆರಾ, ಟೇಪನ್ನು ಬೆಳಿಗ್ಗೆ ಬಂದು ಒಯ್ಯುತ್ತೇವೆ, ಅಲ್ಲಿಯವರೆಗೆ ಆರಿಸಬೇಡಿ ಎಂದಿದ್ದರು ಪೊಲೀಸರು. ನಾನು ಖಾಲಿ ಅಂಗಡಿ ಗುಡಿಸುತ್ತಿದ್ದೆ. ತಲೆಯೆತ್ತಿದರೆ ಹೊಸಿಲ ಬಳಿ ಆಕೆ, ಕೈಯಲ್ಲಿ ಅದೇ ಚೀಲ. ವರ್ಷದ ಎಣ್ಣೆಗೆ ಬಂದಿದ್ದರು. ಹಾರ ಹಾಕಿದ ಫೋಟೋ ನೋಡಿ ಕುರ್ಚಿಯಲ್ಲಿ ಕುಸಿದು ಕೂತರು.

"ಇನ್ಮೇಲೆ ನನ್ನ ಗುಟ್ಟು ಯಾರ ಹತ್ರ ಇರ್ತದಪ್ಪಾ?"

ಒಳಗಿನ ಟಿವಿಯ ಕಡೆ ಕಣ್ಣು ಹೋಯಿತು. ಹಚ್ಚುವವರಿಲ್ಲದೆ ಕುಂಕುಮ ಉದುರಿಹೋಗಿತ್ತು. ಅಷ್ಟು ವರ್ಷಗಳ ಮೇಲೆ ಆ ಕುರ್ಚಿಯಲ್ಲಿ ಒಂದು ಮುಖ ಕಂಡಿತು. ಅದು ಅಳುತ್ತಿತ್ತು. ಅಲ್ಲಿಯವರೆಗೆ ಅಳದ ನನಗೂ ದುಃಖ ಒತ್ತರಿಸಿ ಬಂತು.

"ಸ್ವಲ್ಪ ಇರಮ್ಮ" ಎಂದೆ. ಕುಂಕುಮ ಕಲಸಿ, ಸ್ಟೂಲು ಹತ್ತಿ, ಹೆಬ್ಬೆಟ್ಟಿನಿಂದ ಕ್ಯಾಮೆರಾದ ಕಣ್ಣಿಗೆ ಬಳಿದೆ. ಆಮೇಲೆ ಆಕೆಯ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಕೂತು, ಕೊಡೆ ಬಿಚ್ಚಿ, ಒಂದೊಂದೇ ಕಡ್ಡಿಗೆ ಎಣ್ಣೆ ಹಚ್ಚತೊಡಗಿದೆ.