ಒಂಬತ್ತು ಜನರ ಕಾರ್ಖಾನೆ

ಕಾನೂನಿಗೆ ಹೆದರುವವರನ್ನು ನೀವು ನೋಡಿದ್ದೀರಿ. ಕಾನೂನಿನ ಕಣ್ಣಿಗೆ ಮಣ್ಣೆರಚುವವರನ್ನಂತೂ ದಿನಾ ನೋಡುತ್ತೀರಿ. ಆದರೆ ತನಗೆ ಸಂಬಂಧವೇ ಇಲ್ಲದ ಕಾನೂನನ್ನು ದಾರಿಯಲ್ಲಿ ತಡೆದು, ಕೈಹಿಡಿದು ಮನೆಗೆ ಕರೆತಂದು ಪಾಲಿಸುವವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ!

ಎಪ್ಪತ್ತರ ದಶಕದ ಕೊನೆಯ ಮಾತು. ಜಗಳೂರಿನಲ್ಲಿ ಮಾವನದೊಂದು ಶೇಂಗಾ ಸುಲಿಯುವ ಮಿಲ್ಲಿತ್ತು. ಕೆಲಸಕ್ಕೆ ಒಂಬತ್ತು ಜನ. ಕರೆಂಟಿನ ಮೇಲೆ ನಡೆಯುವ ಮಿಲ್ಲಿಗೆ ಹತ್ತನೆಯ ಆಳು ಕಾಲಿಟ್ಟನೋ, ಅದು ಕಾರ್ಖಾನೆ ಆಯಿತೆಂದೇ ಲೆಕ್ಕ. ಲೈಸೆನ್ಸು, ಹಾಜರಿ, ಇನ್ಸ್‌ಪೆಕ್ಟರು ಎಲ್ಲ ಬೆನ್ನು ಹತ್ತುತ್ತವೆ. ಇಪ್ಪತ್ತಾದರೆ ಪ್ರಾವಿಡೆಂಟ್ ಫಂಡು. ಹೆಂಗಸರೇ ಮೂವತ್ತು ದಾಟಿದರೆ ಕೂಸುಗಳಿಗೊಂದು ಕೋಣೆ. ಒಟ್ಟು ನೂರೈವತ್ತು ದಾಟಿದರೆ ಊಟದ ಕೋಣೆ. ಇನ್ನೂರೈವತ್ತು ದಾಟಿದರೆ ಕ್ಯಾಂಟೀನೇ! ಆಳು ಹೆಚ್ಚಿದಂತೆ ಮಾಲೀಕನ ಹೆಗಲಿಗೆ ಒಂದೊಂದೇ ಮೂಟೆ. ಹಾಗಾಗಿ ಊರಿನ ಬುದ್ಧಿವಂತರೆಲ್ಲ ಒಂಬತ್ತಕ್ಕೆ ಬ್ರೇಕ್ ಹಾಕಿ ನೆಮ್ಮದಿಯಾಗಿದ್ದರು. ಮಾವನ ಬಳಿ ಒಂಬತ್ತು ಜನ ಇದ್ದದ್ದು ಬುದ್ಧಿವಂತಿಕೆಯಿಂದಲ್ಲ, ಅಲ್ಲಿದ್ದ ಕೆಲಸವೇ ಅಷ್ಟು.

ಅತ್ತೆ ತೀರಿಕೊಂಡ ಮರುವರ್ಷ ಮಾವ ದಾವಣಗೆರೆಯಿಂದ ಕಾರ್ಖಾನೆ ಕಾನೂನಿನ ಪುಸ್ತಕ ತಂದರು. ಮಕ್ಕಳಿಲ್ಲದ ಮನೆ, ಸಂಜೆಯಾದರೆ ಮಾತಿಗೆ ಜನವಿಲ್ಲ. ಬೇರೆಯವರಾಗಿದ್ದರೆ ಪುರಾಣ ಓದುತ್ತಿದ್ದರು. ಇವರು ಕಲಮು ಓದತೊಡಗಿದರು.

ನಾನಾಗ ನ್ಯಾಮತಿಯಲ್ಲಿ ಟೀಚರು. ರಜೆಗೆಂದು ಬಸ್ಸು ಬದಲಿಸಿ ಬದಲಿಸಿ ಜಗಳೂರು ಮುಟ್ಟಿದರೆ ಮಿಲ್ಲಿನ ಜಂತೆಯಲ್ಲಿ ತೊಟ್ಟಿಲು ತೂಗುತ್ತಿದೆ! ಅಲ್ಲಿ ಬೀಜ ಆರಿಸುತ್ತಿದ್ದ ಹೆಂಗಸರು ನಾಲ್ವರು, ನಾಲ್ವರೂ ಮೊಮ್ಮಕ್ಕಳನ್ನು ಕಂಡವರು.

"ಇದ್ಯಾರಿಗೆ ಮಾವಾ?"

"ಕಾನೂನು ಐತವ್ವಾ."

"ಅದು ಹೆಂಗಸರು ಮೂವತ್ತು ದಾಟಿದ ಮೇಲಲ್ವಾ?"

"ದಾಟಿದ ದಿನ ತೊಟ್ಟಿಲು ಹುಡುಕ್ಕೆಂಡು ಎಲ್ಲಿ ಓಡ್ಲಿ?"

ಕೊನೆಗೆ ಆ ತೊಟ್ಟಿಲಲ್ಲಿ ಮಿಲ್ಲಿನ ಬೆಕ್ಕು ಮರಿ ಹಾಕಿತು. ಮಾವ ದಿನಾ ಬಟ್ಟಲಲ್ಲಿ ಹಾಲಿಟ್ಟರು. ಕೂಸುಗಳಿಗೆ ಹಾಲು ಕೊಡಬೇಕೆಂದೂ ಕಾನೂನು ಐತಂತೆ!

ಆಮೇಲೆ ಬಂದದ್ದು ಊಟದ ಕೋಣೆ. ಅಲ್ಲಿಯವರೆಗೆ ಆಳುಗಳು ಬೇವಿನ ಮರದಡಿ ಬುತ್ತಿ ಬಿಚ್ಚುತ್ತಿದ್ದರು, ಮಾವ ಮನೆಗೆ ಹೋಗಿ ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಬರುತ್ತಿದ್ದರು. ಈಗ ಗೋದಾಮಿನ ಮೂಲೆ ಖಾಲಿಯಾಯಿತು, ಸುಣ್ಣ ಬಳಿದದ್ದಾಯಿತು, ಚಾಪೆ ಬಿತ್ತು. ಎಲ್ಲರೂ ಒಳಗೇ ಉಣ್ಣಬೇಕು. ಮಾಲೀಕನೂ ಅದೇ ಸಾಲಿನಲ್ಲಿ ಕೂರಬೇಕು. ಕಾನೂನು!

ಸುದ್ದಿ ಚನ್ನಗಿರಿಗೆ ಮುಟ್ಟಿದ್ದೇ ನನ್ನವ್ವ ಓಡಿಬಂದಳು. ಅವಳು ಮಾವನಿಗೆ ಅಕ್ಕ, ಮಡಿಮೈಲಿಗೆಯಲ್ಲಿ ಗಟ್ಟಿಗಿತ್ತಿ.

"ಆಳುಗಳ ಪಂಕ್ತಿಯಾಗೆ ಕುಂತು ಉಣ್ಣಾಕೆ ನಿಂಗೇನ್ ಬಂದೈತೋ? ನೆಂಟರಿಷ್ಟರು ಏನಂದಾರು?"

"ನಾನೇನ್ ಮಾಡ್ಲಿ ಅಕ್ಕಾ? ಕಾನೂನು ಐತೆ. ತಪ್ಪಿದ್ರೆ ಜೈಲು!"

ಜಾತಿ ಕೆಟ್ಟರೂ ತಮ್ಮ ಜೈಲು ಸೇರದಿದ್ದರೆ ಸಾಕೆಂದು ಅವ್ವ ಆ ಕೋಣೆಯಲ್ಲೇ ಒಂದು ಭರಣಿ ಉಪ್ಪಿನಕಾಯಿ ಇಟ್ಟು ಹೋದಳು.

ಮುಂದಿನ ರಜೆಯಲ್ಲಿ ನಾನಿದ್ದಾಗಲೇ ಇನ್ಸ್‌ಪೆಕ್ಟರ್ ಬಂದರು. ಪಕ್ಕದ ಮಿಲ್ಲಿನ ಮಾಲೀಕರ ಪದ್ಧತಿ ಏನೆಂದರೆ, ಜೀಪಿನ ಸದ್ದು ಕೇಳಿದೊಡನೆ ಒಂಬತ್ತಕ್ಕಿಂತ ಹೆಚ್ಚಿದ್ದ ಆಳುಗಳನ್ನೆಲ್ಲ ಗೋಡೆ ಹಾರಿಸಿ ನಮ್ಮ ಕಡೆ ಕಳಿಸುವುದು. ಅಂದು ಅವರು ಹಾರಿ ಬಿದ್ದಾಗ ನಮ್ಮಲ್ಲಿ ಊಟದ ಹೊತ್ತು. ಮಾವ ಹಿಗ್ಗಿ ಹೀರೇಕಾಯಿಯಾದರು!

"ಬರ್ರಿ ಬರ್ರಿ, ಕೈ ತೊಳ್ಕಳ್ರಿ, ಕುಂದರ್ರಿ!" ಎಂದು ತಮ್ಮ ರೊಟ್ಟಿ ಮುರಿದು ಹಂಚಿದರು.

ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತು ತಲೆ ಎಣಿಸಿದರು. "ಏನ್ರೀ, ಹತ್ತು ದಾಟಿದೆ. ಇದು ಕಾರ್ಖಾನೆ ಆಯ್ತಲ್ರೀ!"

ಬೇರೆಯವರಾಗಿದ್ದರೆ ಬೆವರುತ್ತಿದ್ದರು. ಮಾವ ಎದ್ದು ಕೈಮುಗಿದರು. "ಬರ್ಕಳ್ರಿ ಸಾಹೇಬ್ರೇ, ಬರ್ಕಳ್ರಿ!"

ಗೋಡೆ ಹಾರಿದವನೊಬ್ಬ ಗಾಬರಿಯಲ್ಲಿ ಬಾಯಿಬಿಟ್ಟ. "ನಾವು ಇಲ್ಲಿಯೋರಲ್ಲ ಸ್ವಾಮಿ, ಪಕ್ಕದ ಮಿಲ್ಲಿನೋರು."

ಆಮೇಲೆ ಜೀಪು ಪಕ್ಕದ ಮಿಲ್ಲಿಗೆ ತಿರುಗಿತು, ಆ ಕತೆ ಬಿಡಿ. ನಮ್ಮ ಕತೆ ಅಲ್ಲೇ ಮುಗಿಯಬೇಕಿತ್ತು. ಇನ್ಸ್‌ಪೆಕ್ಟರು ಮಾತ್ರ ತೊಟ್ಟಿಲು ನೋಡಿದರು, ಚಾಪೆ ನೋಡಿದರು, ಇದೆಲ್ಲ ಏನೆಂದು ಕೇಳಿ ತಿಳಿದುಕೊಂಡರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ಯಜಮಾನ್ರೇ, ಒಂಬತ್ತು ಜನಕ್ಕೆ ಇದ್ಯಾವುದೂ ಬೇಕಿಲ್ಲ. ನಿಮ್ಮದು ಕಾರ್ಖಾನೆಯೇ ಅಲ್ಲ. ಇನ್ನು ಮಾಲೀಕ ಜೊತೆಗೆ ಕೂತು ಉಣ್ಣಬೇಕು ಅನ್ನೋದು ಯಾವ ಕಾನೂನಲ್ಲೂ ಇಲ್ಲ!"

ನಾನೂ ನಗುತ್ತಿದ್ದೆ. ಮಾವನ ಮುಖ ನೋಡಿದ ಮೇಲೆ ನಗು ನಿಂತುಹೋಯಿತು. ಆಳುಗಳೆಲ್ಲರ ಎದುರು ಕಳ್ಳ ಮಾಲಿನೊಂದಿಗೆ ಸಿಕ್ಕಿಬಿದ್ದವರಂತೆ ಅವರು ತಲೆ ತಗ್ಗಿಸಿ ಕುಳಿತಿದ್ದರು. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಮಾವ ಚಪ್ಪಲಿ ಮೆಟ್ಟಿ ಸದ್ದಿಲ್ಲದೆ ಮನೆಗೆ ಬಂದುಬಿಟ್ಟರು. ಬಡಿಸಿದೆ. ರೊಟ್ಟಿ ಮುರಿದರು, ಚೂರು ಮಾಡಿದರು, ತಿನ್ನಲಿಲ್ಲ.

"ಅವ್ರಿಗ್ಯಾಕೆ ನನ್ನ ಕಾಟ? ಕಾನೂನೇ ಇಲ್ಲ ಅಂದ್ಮೇಲೆ," ಎಂದರು. ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಬಿಟ್ಟು, "ನೀನು ನಾಳೆ ಹೊಂಡ್ತೀಯ. ಒಬ್ಬನೇ ಕುಂತ್ರೆ ಗಂಟಲಾಗೆ ಇಳಿಯಾದಿಲ್ಲವ್ವಾ."

ನಾವೆಲ್ಲ ಇಷ್ಟು ದಿನ ಆಡಿಕೊಂಡು ನಕ್ಕ ಕಾನೂನು ಇದೇ ಆಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ತಿಪ್ಪಮ್ಮ ಬಂದು ನಿಂತಳು. ಬೀಜ ಆರಿಸುವವರಲ್ಲಿ ಎಲ್ಲರಿಗಿಂತ ಹಿರಿಯಳು. ಕೈ ಸೊಂಟದ ಮೇಲಿತ್ತು.

"ಏನ್ರೀ ಸಾವ್ಕಾರ್ರೇ, ಬುತ್ತಿ ಬಿಚ್ಚಿಟ್ಕೆಂಡು ಎಷ್ಟೊತ್ತು ಕಾಯಾದು ನಾವು?"

"ಅಂಥಾ ಕಾನೂನು ಇಲ್ವಂತೆ ತಿಪ್ಪಮ್ಮ. ನೀನೂ ಕೇಳ್ದೆಲ್ಲ."

"ಅವನಿಗೇನ್ ಗೊತ್ತು? ಜೀಪಿನಾಗೆ ಬಂದು ಜೀಪಿನಾಗೆ ಹೋಗೋನು," ಎಂದಳು ತಿಪ್ಪಮ್ಮ. "ಎದ್ದೇಳ್ರಿ. ಕಾನೂನು ಐತೆ."

ಮಾವ ಬಡಿಸಿದ ತಟ್ಟೆಯನ್ನು ಹಾಗೇ ಎತ್ತಿಕೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು, ಅವಳ ಹಿಂದೆ ನಡೆದರು.